ಬೊಂಬಾಯಿ ರಕ್ತ ಬೇಕಾಗಿದೆ

ಗೋರೆಗಾಂವ್ ಪೂರ್ವದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಬಯೋಮೆಡಿಕಲ್ ವಿಭಾಗದ ಮುಖ್ಯಸ್ಥೆಯಾಗಿ ನಾನು ನಿವೃತ್ತಳಾದೆ. ಹೆಸರು ದೊಡ್ಡದು, ಕೆಲಸ ರಿಪೇರಿಯದು. ವೆಂಟಿಲೇಟರ್ ಕೆಮ್ಮಿದರೆ, ಎಕ್ಸ್‌ರೇ ಯಂತ್ರ ಮುನಿಸಿಕೊಂಡರೆ, ರಕ್ತನಿಧಿಯ ಫ್ರಿಜ್ ಬೆವರಿದರೆ ನನ್ನನ್ನು ಕರೆಯುತ್ತಿದ್ದರು. ಈಗ ಹೇಳಹೊರಟಿರುವುದು ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ಬಂದ ಮಳೆಗಾಲದ ಒಂದು ದಿನದ ಕತೆ. ಆಸ್ಪತ್ರೆಯ ಹೆಸರು ಬೇಡ. ರೋಗಿಯ ಮತ್ತು ಮನೆಯವರ ಹೆಸರುಗಳನ್ನು ಬದಲಾಯಿಸಿದ್ದೇನೆ. ತಪ್ಪು ಮಾಡಿದವಳ ಹೆಸರನ್ನು ಮಾತ್ರ ಬದಲಾಯಿಸಿಲ್ಲ, ಏಕೆಂದರೆ ಅದು ನನ್ನದೇ.

ನನಗೊಂದು ಹುಚ್ಚು ಇತ್ತು. ಮದುವೆಗೆ ಮುಂಚೆ ಪವಾಯಿಯ ಎಂಜಿನಿಯರಿಂಗ್ ಸಂಸ್ಥೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದಿದ್ದೆ. ಜನ ಇದಕ್ಕೆ ಹ್ಯಾಮ್ ರೇಡಿಯೋ ಎನ್ನುತ್ತಾರೆ. ಆಡಳಿತದವರನ್ನು ಎರಡು ವರ್ಷ ಕಾಡಿ, ಆಸ್ಪತ್ರೆಯ ಮೂರನೇ ಮಹಡಿಯ ನನ್ನ ರಿಪೇರಿ ಕೋಣೆಯಲ್ಲಿ ಒಂದು ರೇಡಿಯೋ ಸೆಟ್ ಇಟ್ಟುಕೊಳ್ಳಲು ಅನುಮತಿ ಗಿಟ್ಟಿಸಿದ್ದೆ. ಟೆರೇಸಿನ ಮೇಲೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೀಟರ್ ತಂತಿ ಕಟ್ಟಿದ್ದೆ. ಅದು ಆಂಟೆನಾ ಎಂದು ಎಷ್ಟು ಸಲ ಹೇಳಿದರೂ ಲಾಂಡ್ರಿಯವರು ಅದರ ಮೇಲೆ ಟವೆಲ್ ಒಣಹಾಕುವುದನ್ನು ಬಿಡಲಿಲ್ಲ. ಮೇಟ್ರನ್ ಅಂತೂ, 'ಮೇಡಂಚಿ ದೋರಿ' ಎಂದೇ ಅದಕ್ಕೆ ನಾಮಕರಣ ಮಾಡಿದ್ದರು. ಮೇಡಂನ ಹಗ್ಗ ಎಂದು.

ಈ ಸೆಟ್ಟಿನಿಂದ ಇಂಟರ್ನೆಟ್ ಇಲ್ಲದೆಯೂ ಇಮೇಲ್ ಕಳಿಸಬಹುದಿತ್ತು. ಅದು ಹೇಗೆಂದು ಕೇಳುವವರಿಗೆ ನಾನು ಅಂಚೆಯ ಉದಾಹರಣೆ ಕೊಡುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಪತ್ರ ಬರೆದರೆ, ಮೋಡೆಮ್ ಎಂಬ ಚಿಕ್ಕ ಪೆಟ್ಟಿಗೆ ಅಕ್ಷರಗಳನ್ನು ಕೀರಲು ಸದ್ದಾಗಿ ಬದಲಾಯಿಸುತ್ತದೆ. ರೇಡಿಯೋ ಆ ಸದ್ದನ್ನು ಗಾಳಿಗೆ ಬಿಡುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರ್ ಆಚೆ, ಇಂಟರ್ನೆಟ್ ಇರುವ ಊರಿನಲ್ಲಿ, ಯಾರೋ ಹವ್ಯಾಸಿಯ ಮನೆಯಲ್ಲಿ ಗೇಟ್‌ವೇ ಎಂಬ ಸ್ಟೇಷನ್ ಹಗಲೂ ಇರುಳೂ ಕಿವಿ ತೆರೆದು ಕೂತಿರುತ್ತದೆ. ಅದು ಸದ್ದನ್ನು ಮತ್ತೆ ಅಕ್ಷರ ಮಾಡಿ, ಮಾಮೂಲಿ ಇಮೇಲಾಗಿ ಮುಂದಕ್ಕೆ ಕಳಿಸುತ್ತದೆ. ಪತ್ರ ಪಡೆಯುವವರ ಹತ್ತಿರ ರೇಡಿಯೋ ಇರಬೇಕಾಗಿಲ್ಲ. ಉತ್ತರ ಬಂದರೆ ಗೇಟ್‌ವೇಯಲ್ಲೇ ಕಾದಿರುತ್ತದೆ. ನಾವು ಮತ್ತೆ ಅದನ್ನು ಕರೆದು, 'ನನಗೇನಾದರೂ ಬಂದಿದೆಯೇ' ಎಂದು ಕೇಳಬೇಕು. ಫೋಟೋ, ಕಡತ ಏನೂ ಹೋಗುವುದಿಲ್ಲ. ಸಣ್ಣ ಪತ್ರ, ಅದೂ ಇಂಗ್ಲಿಷಿನಲ್ಲಿ, ಏಕೆಂದರೆ ಕನ್ನಡ ಅಕ್ಷರ ಮೂರು ಪಟ್ಟು ಜಾಗ ತಿನ್ನುತ್ತದೆ. ಗುಟ್ಟಿಗೂ ಅವಕಾಶವಿಲ್ಲ. ಹವ್ಯಾಸಿ ರೇಡಿಯೋದಲ್ಲಿ ಸಂಕೇತಭಾಷೆ ಬಳಸಿ ವಿಷಯ ಮರೆಮಾಚುವಂತಿಲ್ಲ. ಹಾಗಾಗಿ ರೋಗಿಯ ಹೆಸರು ನಾನು ಎಂದೂ ಬರೆಯುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ನನ್ನ ಬಾಯಿ ದೊಡ್ಡದು, ಆದರೆ ರೇಡಿಯೋದಲ್ಲಿ ನಾನು ಮಹಾ ಜಿಪುಣಿ. ಹತ್ತು ಪದದ ಸಂದೇಶವನ್ನು ಆರಕ್ಕೆ ಇಳಿಸಿದರೆ ನನಗೆ ಹಬ್ಬ. ಇದಕ್ಕೆ ತದ್ವಿರುದ್ಧ ಹುಬ್ಬಳ್ಳಿಯ ಚನ್ನಬಸಪ್ಪ ಮಾಸ್ತರು. ನಿವೃತ್ತ ಹೈಸ್ಕೂಲ್ ಶಿಕ್ಷಕರು, ಹದಿನೈದು ವರ್ಷದಿಂದ ಗಾಳಿಯಲ್ಲಿ ಪರಿಚಯ, ಎದುರಾಬದುರು ನೋಡಿದ್ದು ಒಂದೇ ಸಲ. ಅವರ ಪ್ರತಿ ಇಮೇಲ್, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, 'ಸೌಭಾಗ್ಯವತಿ ವಾರಿಜಾ ತಾಯಿಯವರಿಗೆ ನಮಸ್ಕಾರಗಳು, ಇತ್ತ ನಾವೆಲ್ಲರೂ ಕ್ಷೇಮ' ಎಂದೇ ಶುರುವಾಗುತ್ತಿತ್ತು. 'ಮಾಸ್ತರೇ, ನಿಮ್ಮ ಕ್ಷೇಮ ಇಳಿಯಲಿಕ್ಕೇ ಎರಡು ನಿಮಿಷ ಬೇಕು' ಎಂದು ನಾನು ಗೇಲಿ ಮಾಡುತ್ತಿದ್ದೆ. ಅವರು ಬಿಡುತ್ತಿರಲಿಲ್ಲ.

ಆ ದಿನದ ಹಿಂದಿನ ಸಂಜೆಯಿಂದಲೇ ಮಳೆ ಜಡಿಯುತ್ತಿತ್ತು. ಬೆಳಗಾಗುವ ಹೊತ್ತಿಗೆ ನಮ್ಮ ಕಡೆಯ ಸಬ್‌ಸ್ಟೇಷನ್ನಿಗೆ ನೀರು ನುಗ್ಗಿ ಕರೆಂಟ್ ಹೋಗಿತ್ತು. ಮೊಬೈಲ್ ಟವರುಗಳ ಬ್ಯಾಟರಿ ಮುಗಿದು ಫೋನುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಫೈಬರ್ ಕೇಬಲ್ ಎಲ್ಲೋ ಕಡಿದು ಇಂಟರ್ನೆಟ್ಟೂ ಇಲ್ಲ, ಲ್ಯಾಂಡ್‌ಲೈನೂ ಇಲ್ಲ. ಲೋಕಲ್ ರೈಲು ನಿಂತಿತ್ತು. ಹೈವೇ ಕಡೆಯ ರಸ್ತೆಯಲ್ಲಿ ಎದೆಮಟ್ಟ ನೀರು. ಅಂಧೇರಿಯ ಆಚೆಗೆ ಫೋನು ನಡೆಯುತ್ತಿದೆ ಎಂದು ನಡೆದುಬಂದ ಒಬ್ಬ ವಾರ್ಡ್‌ಬಾಯ್ ಹೇಳಿದ. ನಮ್ಮದು ಜನರೇಟರ್ ಇದ್ದ ದ್ವೀಪವಾಗಿತ್ತು.

ಎಂಟು ಗಂಟೆಗೆ ಮಲ್ಲವ್ವನನ್ನು ತಂದರು. ಬಾಗಲಕೋಟೆ ಕಡೆಯವಳು, ವಯಸ್ಸು ಮೂವತ್ತೊಂದು, ಕಟ್ಟಡದ ಕೆಲಸದವಳು. ಸೈಟಿನ ಪಕ್ಕದ ಕಾಂಪೌಂಡ್ ಗೋಡೆ ಮಳೆಗೆ ನೆನೆದು ಅವಳ ಮೇಲೆ ಬಿದ್ದಿತ್ತು. ಗಂಡ ದ್ಯಾಮಪ್ಪ ಮತ್ತು ಮೂವರು ಜೊತೆಗಾರರು ಬಾಗಿಲೊಂದನ್ನು ಕಿತ್ತು, ಅದರ ಮೇಲೆ ಅವಳನ್ನು ಮಲಗಿಸಿ, ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದಿದ್ದರು. ಸೊಂಟದ ಎಲುಬು ಮುರಿದಿತ್ತು, ಒಳಗೆ ರಕ್ತ ಸೋರುತ್ತಿತ್ತು. ಆಪರೇಷನ್ ಮಾಡಬಲ್ಲ ಸರ್ಜನ್ ಹಿಂದಿನ ರಾತ್ರಿ ಮನೆಗೆ ಹೋಗಲಾಗದೆ ಆಸ್ಪತ್ರೆಯಲ್ಲೇ ಉಳಿದಿದ್ದರು, ಅದು ಪುಣ್ಯ. ಆದರೆ ರಕ್ತ ಬೇಕಿತ್ತು. ಹಿಮೋಗ್ಲೋಬಿನ್ ಆಗಲೇ 8.2ಕ್ಕೆ ಇಳಿದಿತ್ತು. ಆರೋಗ್ಯವಂತ ಹೆಂಗಸಿಗೆ ಹನ್ನೆರಡಾದರೂ ಇರಬೇಕು.

ಅವಳ ಹೆರಿಗೆ ಕಾರ್ಡಿನಲ್ಲಿ O ಪಾಸಿಟಿವ್ ಎಂದು ಬರೆದಿತ್ತು. ನಮ್ಮ ರಕ್ತನಿಧಿಯ ಫ್ರಿಜ್ಜಿನಲ್ಲಿ O ಧಾರಾಳವಾಗಿತ್ತು. ಆದರೆ ರಕ್ತ ಕೊಡುವ ಮುಂಚೆ ರೋಗಿಯ ರಕ್ತದ ಜೊತೆ ಒಂದು ಹನಿ ಬೆರೆಸಿ ನೋಡುತ್ತಾರೆ. ಒಗ್ಗದಿದ್ದರೆ ಅದು ಒಡೆದ ಹಾಲಿನಂತೆ ಮುದ್ದೆಗಟ್ಟುತ್ತದೆ. ಮೂರು ಚೀಲ ತೆಗೆದು ನೋಡಿದರು, ಮೂರೂ ಮುದ್ದೆಗಟ್ಟಿದವು. ರಕ್ತನಿಧಿಯ ಡಾಕ್ಟರ್ ನಿಹಾಲ್ ಮಂಗಳೂರು ಮೂಲದವರ ಮಗ, ಹುಟ್ಟಿ ಬೆಳೆದದ್ದು ಮುಂಬೈ, ಕನ್ನಡ ತಡವರಿಸುತ್ತಿದ್ದರು. ಒಂಬತ್ತೂವರೆಗೆ ನನ್ನ ಕೋಣೆಗೆ ಬಂದರು, ಹಿಂದೆಯೇ ದ್ಯಾಮಪ್ಪನೂ ಬಂದ.

"ಮೇಡಂ, ಇದು O ಅಲ್ಲ. ಬಾಂಬೆ ಗ್ರೂಪ್ ಇದೆ. ವೆರಿ ರೇರ್. ಅವಳಿಗೆ ಅದೇ ಬೇಕು, ದೂಸ್ರಾ ಕುಛ್ ನಹೀ ಚಲೇಗಾ. ನಿಮ್ಮ ರೇಡಿಯೋದಿಂದ ಮೆಸೇಜ್ ಹೋಗ್ತದಾ?"

ಓದುಗರಿಗಾಗಿ ಎರಡು ಮಾತು. A, B, AB, O ಎಂಬ ನಾಲ್ಕು ಗುಂಪುಗಳು ಎಲ್ಲರಿಗೂ ಗೊತ್ತು. O ರಕ್ತದಲ್ಲಿಯೂ H ಎಂಬ ಒಂದು ಮೂಲವಸ್ತು ಇರುತ್ತದೆ. ಕೋಟಿಗೊಬ್ಬರೆನ್ನದಿದ್ದರೂ ಬಹಳ ಅಪರೂಪಕ್ಕೆ ಕೆಲವರಲ್ಲಿ ಅದೂ ಇರುವುದಿಲ್ಲ. ಇಂಥವರನ್ನು ಮೊದಲು ಗುರುತಿಸಿದ್ದು ಈ ನಗರದಲ್ಲಾದ್ದರಿಂದ ಆ ಗುಂಪಿಗೆ ಬಾಂಬೆ ಎಂದೇ ಹೆಸರು. ನಗರದ ಹೆಸರು ಬದಲಾಯಿತು, ರಕ್ತದ್ದು ಬದಲಾಗಲಿಲ್ಲ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನವರದೇ ರಕ್ತ ಆಗಬೇಕು. O ಕೊಟ್ಟರೂ ಪ್ರಾಣಕ್ಕೆ ಅಪಾಯ.

ನಿಹಾಲರ ಮಾತು ಕೇಳಿ, ಗೋಡೆಗೆ ಒರಗಿ ನಿಂತಿದ್ದ ದ್ಯಾಮಪ್ಪ ಅವರನ್ನು ಬಿಟ್ಟು ನನ್ನ ಕಡೆ ನೋಡಿದ. "ಬೊಂಬಾಯಿಗೆ ಬಂದು ಎಂಟು ವರ್ಷ ಆತ್ರಿ ಬಾಯಾರ. ಇಲ್ಲಿ ನೀರು ಕುಡದು ಕುಡದು ರಕ್ತನೂ ಬೊಂಬಾಯಿದು ಆತೇನು? ಊರಾಗ ಇದ್ದಿದ್ರ ಹಿಂಗ ಆಕ್ಕಿರಲಿಲ್ಲ."

"ಇಲ್ಲ ಮಾರಾಯ, ಅದು ಹುಟ್ಟಿದ ರಕ್ತವೇ. ಊರಿನಿಂದಲೇ ತಂದದ್ದು," ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಅಪರೂಪದ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡ ಪುಣೆಯ ಒಂದು ರಕ್ತನಿಧಿಯ ಇಮೇಲ್ ವಿಳಾಸ ನಿಹಾಲರ ಬಳಿ ಇತ್ತು. ಧ್ವನಿಯಲ್ಲೇ ಏಕೆ ಕರೆಯಲಿಲ್ಲ ಎಂದು ಆಮೇಲೆ ಹಲವರು ಕೇಳಿದರು. ಆ ಗುಡುಗಿನ ಗದ್ದಲದಲ್ಲಿ ಮಾತು ಅರ್ಧ ಕೇಳಿ ಅರ್ಧ ನುಂಗಿಹೋಗುತ್ತಿತ್ತು. ರಕ್ತನಿಧಿಯವರ ಬಳಿ ರೇಡಿಯೋ ಇರಲಿಲ್ಲ. ಅಲ್ಲದೆ ಅವರಿಗೆ ಬರಹದಲ್ಲೇ ಕೋರಿಕೆ ಬೇಕು. ನಿಹಾಲ್ ಚೀಟಿಯೊಂದರಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟು ರೋಗಿಯ ಹತ್ತಿರ ಓಡಿದರು. ಚೀಟಿಯಲ್ಲಿ ಇದ್ದದ್ದು: ಬಾಂಬೆ, ಆಮೇಲೆ O ಪಕ್ಕದಲ್ಲಿ ಸಣ್ಣ h, ಫೀನೋಟೈಪ್, ರೆಡ್ ಸೆಲ್ಸ್, ಎರಡು ಯುನಿಟ್, ತುರ್ತು.

ಇಲ್ಲಿ ನನ್ನ ಜಿಪುಣತನ ಕೈಯಾಡಿಸಿತು. O ಪಕ್ಕದ ಸಣ್ಣ h ನೋಡಿ, 'ಪಾಪ, ಗಾಬರಿಯಲ್ಲಿ ಓಹ್ ಅಂತ ಬರೆದಿದ್ದಾರೆ' ಎಂದುಕೊಂಡು ಹೊಡೆದುಹಾಕಿದೆ. ಅದು ಆ ಗುಂಪಿನ ವೈಜ್ಞಾನಿಕ ಚಿಹ್ನೆ ಎಂದು ನನಗೆ ಗೊತ್ತಿರಲಿಲ್ಲ. ಇದು ರಕ್ತದ ಗುಂಪು ಎಂದು ಸೂಚಿಸುವ ಫೀನೋಟೈಪ್ ಎಂಬ ಪದ ಉದ್ದವಾಯಿತೆಂದು ತೆಗೆದೆ. ಉಳಿದದ್ದು, 'ಅರ್ಜೆಂಟ್ ನೀಡ್ ಬಾಂಬೆ ಬ್ಲಡ್ ಟು ಯುನಿಟ್ಸ್', ಕೆಳಗೆ ಆಸ್ಪತ್ರೆಯ ಹೆಸರು. ಪುಣೆಯವರಿಗೆ ಒಂದು ಪ್ರತಿ. ಇನ್ನೊಂದು ಪ್ರತಿ ಚನ್ನಬಸಪ್ಪ ಮಾಸ್ತರಿಗೆ, ಏಕೆಂದರೆ ಮಾಸ್ತರು ಎಂದರೆ ಇಮೇಲ್ ನೋಡಿ ಸುಮ್ಮನಿರದೆ ಹತ್ತು ಕಡೆ ಫೋನು ಮಾಡುವ ಮನುಷ್ಯ. ದ್ಯಾಮಪ್ಪನ ಮಾತಿನ ಮೇಲೆ ಮಾಸ್ತರ ಪ್ರತಿಗೆ ಒಂದು ಸಾಲು ಸೇರಿಸಿದೆ: 'ರೋಗಿಯ ತಮ್ಮ ಧಾರಾವಿಯಲ್ಲಿದ್ದಾನೆ, ಈ ನಂಬರಿಗೆ ವಿಷಯ ತಿಳಿಸಿ.' ಬರೆದದ್ದನ್ನು ನಿಹಾಲರಿಗೆ ಓದಿ ಹೇಳಬೇಕಾಗಿತ್ತು. ರೇಡಿಯೋ ಕಲಿಸುವಾಗ ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಅವರು ಕೆಳಗಿದ್ದರು, ನಾನು ಮೇಲಿದ್ದೆ. ಹತ್ತು ಗಂಟೆ ಐದು ನಿಮಿಷಕ್ಕೆ ಗೇಟ್‌ವೇ ಸಿಕ್ಕಿತು, ಸಂದೇಶ ಒಂದೂವರೆ ನಿಮಿಷದಲ್ಲಿ ದಾಟಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಉತ್ತರ ಕೇಳಲು ಮೂರು ಸಲ ಕರೆದೆ. ಎರಡು ಸಲ ಸಿಡಿಲಿನ ಸದ್ದಿಗೆ ಸಂಪರ್ಕ ಅರ್ಧಕ್ಕೆ ಕಡಿಯಿತು. ಹನ್ನೊಂದೂ ಇಪ್ಪತ್ತಕ್ಕೆ ಮಾಸ್ತರ ಪತ್ರ ಇಳಿಯತೊಡಗಿತು, ಮೊದಲು ನಮಸ್ಕಾರ, ಆಮೇಲೆ ಕ್ಷೇಮ. ಆಮೇಲೆ ಹೀಗಿತ್ತು: 'ಬೊಂಬಾಯಿಯಲ್ಲಿ ಎರಡು ಯುನಿಟ್ ರಕ್ತ ಬೇಕಾಗಿರುವುದು ತಿಳಿಯಿತು. ಯಾವ ಗುಂಪು ಎಂದು ತಾವು ಬರೆಯುವುದನ್ನು ಮರೆತಿದ್ದೀರಿ. O ಎಲ್ಲರಿಗೂ ಸಲ್ಲುವುದೆಂದು ಕೇಳಿರುವುದರಿಂದ ಅದನ್ನೇ ಹುಡುಕಿದ್ದೇನೆ. ಪವಾಯಿಯಲ್ಲಿ ನನ್ನ ಪರಿಚಯದ ಹೋಟೆಲಿನ ಆರು ಜನ O ಗುಂಪಿನವರು ಹೊರಡಲು ಸಿದ್ಧರಿದ್ದಾರೆ. ರೋಗಿಯ ತಮ್ಮ ಯಮನಪ್ಪನದೂ O. ಅವನು ಆಗಲೇ ಧಾರಾವಿಯಿಂದ ರೈಲು ಹಳಿಗುಂಟ ನಡೆಯುತ್ತ ಹೊರಟಿದ್ದಾನೆ. ಚಿಂತೆ ಬೇಡ.'

ಪುಣೆಯವರ ಉತ್ತರ ಚಿಕ್ಕದು: 'ಬಾಂಬೆ ಎಂದರೆ ಊರೋ ಗುಂಪೋ? ಗುಂಪು ತಿಳಿಸಿ.'

ಸರ್ಕಾರ ಏನೇ ಹೆಸರಿಡಲಿ, ನಮ್ಮ ಕಡೆಯವರ ಬಾಯಲ್ಲಿ ಈ ಊರು ಇಂದಿಗೂ ಬೊಂಬಾಯಿಯೇ. ಮಾಸ್ತರು ಬಾಂಬೆ ಬ್ಲಡ್ ಎಂಬುದನ್ನು ಬೊಂಬಾಯಿಗೆ ಬೇಕಾದ ರಕ್ತ ಎಂದು ಓದಿಕೊಂಡಿದ್ದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಓದುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಗಂಟೆ ಕಾಲು ಪೋಲಾಗಿತ್ತು, ಅವಳ ಹಿಮೋಗ್ಲೋಬಿನ್ 6.9 ಆಗಿತ್ತು.

ಸಿಟ್ಟು ಬಂತು, ನನ್ನ ಮೇಲೆಯೇ. ಸಿಟ್ಟಿನಲ್ಲಿ ಕೂತು ಎರಡನೇ ಸಂದೇಶ ಬರೆದೆ. ಈ ಸಲ ಯಾವ ಪದವನ್ನೂ ಉಳಿಸಲಿಲ್ಲ. ಬಾಂಬೆ ಎಂಬುದು ಊರಲ್ಲ, ರಕ್ತದ ಗುಂಪಿನ ಹೆಸರು, ಅಪರೂಪದ್ದು, O ಅಲ್ಲ ಎಂದೆಲ್ಲ ವಿವರಿಸಿದೆ. ಕೊನೆಗೆ ದೊಡ್ಡ ಅಕ್ಷರಗಳಲ್ಲಿ, 'O ಗುಂಪಿನವರನ್ನು ಕಳಿಸಬೇಡಿ, O ರಕ್ತ ಕೊಟ್ಟರೆ ಅವಳು ಸಾಯುತ್ತಾಳೆ' ಎಂದು ಸೇರಿಸಿದೆ. ಹನ್ನೊಂದೂ ಐವತ್ತಕ್ಕೆ ಅದು ದಾಟಿತು. ನಿಹಾಲರಿಗೆ ಈ ಸಲವೂ ಓದಿ ಹೇಳಲಿಲ್ಲ. ಒಂದು ಸಲ ಎಡವಿದವಳು ಕೆಳಗೆ ನೋಡಿ ನಡೆಯಬೇಕಿತ್ತು. ನಾನು ಇನ್ನೂ ಜೋರಾಗಿ ನಡೆದೆ.

ಹನ್ನೆರಡೂವರೆಗೆ ಪುಣೆಯ ಉತ್ತರ ಬಂತು. ಅವರ ಪಟ್ಟಿಯಲ್ಲಿ ಅದೇ ಗುಂಪಿನ ಒಬ್ಬ ದಾನಿ ಪುಣೆಯಲ್ಲಿದ್ದರು, ರಕ್ತ ಕೊಡಲು ಒಪ್ಪಿದ್ದರು. ಆದರೆ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು, ಬೆಳಗಿನವರೆಗೆ ತಲುಪಿಸುವುದು ಸಾಧ್ಯವಿಲ್ಲ. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡು ಕೆಳಗೆ ಹೋದೆ. ಸರ್ಜನ್ ಚೀಟಿ ಓದಿ, "ಸಕಾಳ್ ಪರ್ಯಂತ್ ತೀ ರಾಹಣಾರ್ ನಾಹೀ," ಎಂದರು. ಬೆಳಗಿನವರೆಗೆ ಅವಳು ಉಳಿಯುವುದಿಲ್ಲ. ಒಂದೇ ಒಂದು ಚೀಲ ಕೈಗೆ ಸಿಕ್ಕರೂ ಕತ್ತಿ ಹಿಡಿಯುತ್ತೇನೆ, ಅದಿಲ್ಲದೆ ಹೊಟ್ಟೆ ತೆರೆದರೆ ಟೇಬಲ್ಲಿನ ಮೇಲೆಯೇ ಹೋಗುತ್ತಾಳೆ ಎಂದು ನನಗೆ ಬಿಡಿಸಿ ಹೇಳಿದರು.

ಮಲ್ಲವ್ವನಿಗೆ ಎಚ್ಚರವಿತ್ತು. ತುಟಿ ಬಿಳಿಚಿಕೊಂಡಿತ್ತು. ಗಂಡನ ಕೈ ಹಿಡಿದು, "ಯಮನ್ಯಾಗ ಹೇಳೀರೇನು?" ಎಂದು ಕೇಳುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಆ ತಮ್ಮನನ್ನು ಇವಳೇ ಸಾಕಿದ್ದಳಂತೆ.

ನಿಹಾಲ್ ಅದನ್ನು ಕೇಳಿಸಿಕೊಂಡವರು ಥಟ್ಟನೆ ತಿರುಗಿದರು. "ತಮ್ಮ ಇದ್ದಾನಾ? ಸ್ವಂತ? ಸೇಮ್ ಅಪ್ಪ ಅಮ್ಮ?"

"ಹೌದ್ರಿ. ಇವರವ್ವನ್ನ ಸೋದರಮಾವಗs ಕೊಟ್ಟಿದ್ರು," ಎಂದ ದ್ಯಾಮಪ್ಪ, ತಪ್ಪೊಪ್ಪಿಕೊಳ್ಳುವವನ ಹಾಗೆ.

ನಿಹಾಲರ ಮುಖ ಅರಳಿತು. ಈ ಗುಂಪು ತಂದೆ ತಾಯಿ ಇಬ್ಬರ ಕಡೆಯಿಂದಲೂ ಇಳಿದು ಬರಬೇಕು. ಸಂಬಂಧದೊಳಗಿನ ಮದುವೆಗಳಲ್ಲಿ ಅದು ಕೂಡಿಬರುವುದು ಹೆಚ್ಚು. ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಇರುವ ಸಾಧ್ಯತೆ ಉಂಟು. "ಅವನನ್ನು ಕರೆಸಿ ಮೇಡಂ. ಹೀ ಈಸ್ ಅವರ್ ಬೆಸ್ಟ್ ಚಾನ್ಸ್."

"ಆದರೆ ಅವನದ್ದು O ಅಂತೆ," ಎಂದೆ.

ನಿಹಾಲ್ ಮಂಚದ ತಲೆದೆಸೆಗೆ ಸಿಕ್ಕಿಸಿದ್ದ ಹೆರಿಗೆ ಕಾರ್ಡನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇವಳದ್ದು ಏನು ಬರೆದಿದೆ ನೋಡಿ."

O ಪಾಸಿಟಿವ್. ನಾನು ಬೆಳಿಗ್ಗೆಯೇ ಓದಿದ್ದ ಅಕ್ಷರ. ಮಾಮೂಲಿ ಪರೀಕ್ಷೆಯಲ್ಲಿ ಬಾಂಬೆ ಗುಂಪಿನವರೆಲ್ಲ O ಎಂದೇ ಕಾಣುತ್ತಾರೆ. ಬೆರೆಸಿ ನೋಡಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಅಂದರೆ O ಎಂದು ಹೇಳಿಕೊಂಡು ಬರುತ್ತಿದ್ದ ತಮ್ಮನೇ ನಮಗೆ ಬೇಕಾದವನು. ಅವನನ್ನೇ ನಾನು ದೊಡ್ಡ ಅಕ್ಷರಗಳಲ್ಲಿ ಬರಬೇಡ ಎಂದಿದ್ದೆ. ಮೊದಲ ಸಂದೇಶ ತಪ್ಪಾಗಿದ್ದರೂ ಅವನನ್ನು ಹೊರಡಿಸಿತ್ತು. ತಿದ್ದಿದ ಸಂದೇಶ ಅವನನ್ನು ತಡೆದಿತ್ತು. ನಿಹಾಲರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರನೇ ಸಂದೇಶವನ್ನು ನಿಹಾಲರು ನನ್ನ ಪಕ್ಕದಲ್ಲಿ ನಿಂತು ಪದಪದವಾಗಿ ನೋಡಿದರು. ದ್ಯಾಮಪ್ಪನಿಗೂ ಅದನ್ನು ಕನ್ನಡದಲ್ಲಿ ಹೇಳಿದೆ, ಅವನಿಗೆ ಅರ್ಥವಾಯಿತೇ ಎಂದು ಕೇಳಿದೆ. 'ಯಮನಪ್ಪನನ್ನು ಹಿಂದಕ್ಕೆ ಕಳಿಸಬೇಡಿ. O ಎಂದು ಕಾರ್ಡಿನಲ್ಲಿದ್ದರೂ ಅವನು ಬರಲೇಬೇಕು. ಅಕ್ಕನಿಗೆ ಒಗ್ಗುವ ರಕ್ತ ಅವನದೇ ಇರಬಹುದು.' ಒಂದೂ ಹದಿನೈದಕ್ಕೆ ಕಳಿಸಲು ಹೊರಟರೆ ಗೇಟ್‌ವೇ ಸಿಗಲೊಲ್ಲದು. ಆಂಟೆನಾ ಹರಿದಿದೆಯೋ ಎಂದು ಟೆರೇಸಿಗೆ ಹೋಗಿ ನೋಡಿ ಬಂದೆ, ಮೈಯೆಲ್ಲ ತೊಪ್ಪೆಯಾಯಿತು. ತಂತಿ ಸರಿಯಾಗಿಯೇ ಇತ್ತು. ಹನ್ನೊಂದನೆಯ ಪ್ರಯತ್ನದಲ್ಲಿ, ಒಂದೂ ಐವತ್ತಕ್ಕೆ, ಪತ್ರ ದಾಟಿತು.

ಎರಡೂವರೆಗೆ ಮಾಸ್ತರ ಉತ್ತರ. ಅದರಲ್ಲಿ ನಮಸ್ಕಾರವೂ ಇರಲಿಲ್ಲ, ಕ್ಷೇಮವೂ ಇರಲಿಲ್ಲ. ಹದಿನೈದು ವರ್ಷದಲ್ಲಿ ಅದೇ ಮೊದಲು. 'ನಿಮ್ಮ ಎರಡನೇ ಪತ್ರ ನೋಡಿದೊಡನೆ ಯಮನಪ್ಪನಿಗೆ ಫೋನು ಮಾಡಿದೆ. ಆಗ ವಿಲೇಪಾರ್ಲೆ ಹತ್ತಿರ ಇದ್ದ. ನಿನ್ನ ರಕ್ತ ಕೊಟ್ಟರೆ ಅಕ್ಕ ಉಳಿಯುವುದಿಲ್ಲ, ಬರಬೇಡ ಎಂದುಬಿಟ್ಟೆ. ಈಗ ಫೋನು ಹತ್ತುತ್ತಿಲ್ಲ. ಅವನ ಚರ್ಮದ ಕಾರ್ಖಾನೆಗೆ ತಿಳಿಸಿದ್ದೇನೆ, ಮರಳಿ ಬಂದರೆ ಕಳಿಸುತ್ತಾರೆ. ನನ್ನನ್ನು ಕ್ಷಮಿಸಿ.'

ಅವರು ಕ್ಷಮೆ ಕೇಳುವ ಪ್ರಸಂಗವೇ ಅಲ್ಲ. ನಾನು ಬರೆದದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಧಾರಾವಿಗೆ ಮರಳಿ, ಮತ್ತೆ ಅಲ್ಲಿಂದ ಹೊರಟರೆ ಗೋರೆಗಾಂವ್ ಮುಟ್ಟುವಾಗ ಕತ್ತಲಾಗಿರುತ್ತದೆ ಎಂದು ಲೆಕ್ಕ ಹಾಕಿದೆ. ಮೂರು ಗಂಟೆಗೆ ಹಿಮೋಗ್ಲೋಬಿನ್ 5.6. ಮಲ್ಲವ್ವ ಈಗ ಏನೂ ಕೇಳುತ್ತಿರಲಿಲ್ಲ. ದ್ಯಾಮಪ್ಪ ಅವಳ ಪಾದಗಳನ್ನು ತಿಕ್ಕುತ್ತ ಕೂತಿದ್ದ. ನಾನು ರೇಡಿಯೋ ಕೋಣೆಗೂ ವಾರ್ಡಿಗೂ ನಡುವೆ ಮೆಟ್ಟಿಲು ಹತ್ತಿಳಿದೆ, ಬೇರೆ ಏನೂ ಮಾಡುವುದಿರಲಿಲ್ಲ. ಜೀವನದಲ್ಲಿ ಅಷ್ಟು ನಿರುಪಯೋಗಿಯಾಗಿ ನಾನು ಎಂದೂ ಇದ್ದಿಲ್ಲ.

ಮೂರೂ ನಲವತ್ತಕ್ಕೆ ಕ್ಯಾಶುವಾಲ್ಟಿಯ ಬಾಗಿಲಲ್ಲಿ ಒಬ್ಬ ತೆಳ್ಳನೆಯ ಗಂಡಸು ನಿಂತಿದ್ದ. ಸೊಂಟದವರೆಗೆ ಕೆಸರು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹಿಮ್ಮಡಿ ಜಲ್ಲಿಕಲ್ಲಿಗೆ ಸೀಳಿತ್ತು. ಸೆಕ್ಯುರಿಟಿಯವನಿಗೆ ಏನನ್ನೋ ಹಿಂದಿಯಲ್ಲಿ ಹೇಳಲು ಹೆಣಗುತ್ತಿದ್ದ. ದ್ಯಾಮಪ್ಪ ಎದ್ದು ಓಡಿದ.

"ಯಮನ್ಯಾ."

"ಅಕ್ಕ ಎಲ್ಲದಾಳ?"

ನಿಹಾಲರು ಅವನ ತೋಳು ಹಿಡಿದು ರಕ್ತನಿಧಿಯ ಕಡೆ ಎಳೆದರು. ಅವನು ಬಾಗಿಲಲ್ಲೇ ಕಾಲೂರಿ ನಿಂತ, ತೋಳನ್ನು ಹಿಂದಕ್ಕೆ ಎಳೆದುಕೊಂಡ.

"ನಾ ರಕ್ತ ಕೊಡಾಕ ಬಂದಿಲ್ರಿ. ಮಾಸ್ತರು ಹೇಳ್ಯಾರ, ನನ್ನ ರಕ್ತ ಹೋದ್ರ ಆಕಿ ಸಾಯ್ತಾಳಂತ. ನೀವ್ ತಗೋಬ್ಯಾಡ್ರಿ."

"ಮತ್ತೆ ಬರಬೇಡ ಅಂದ ಮೇಲೆಯೂ ಯಾಕೆ ಬಂದೆ?" ಎಂದು ಕೇಳಿದವಳು ನಾನು. ಎಂಥ ಪ್ರಶ್ನೆ ಅದು ಎಂದು ಈಗಲೂ ನಾಚಿಕೆಯಾಗುತ್ತದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಮ್ಮಕ್ಕರಿ ಆಕಿ. ರಕ್ತ ಬ್ಯಾಡಾದ್ರ ಬ್ಯಾಡ. ನೋಡಾಕರೆ ಬರಬೇಕಲ್ರಿ."

ನಿಹಾಲರಿಗೆ ಆ ಕನ್ನಡ ಪೂರ್ತಿ ತಿಳಿಯಲಿಲ್ಲ. ಹಿಂದಿಯಲ್ಲಿ ವಿವರಿಸಲು ಹೋದರು, ಅವನು ತಲೆಯಾಡಿಸುತ್ತಲೇ ಇದ್ದ. ಮಾಸ್ತರ ಮಾತಿಗೆ ಅವನು ಅಷ್ಟು ಬೆಲೆ ಕೊಟ್ಟಿದ್ದ. ನಾನು ಅವನ ಎದುರಿಗೆ ಬಂದು ನಿಂತೆ. ಅಧಿಕಾರಿಯ ದನಿ ಬರಲಿಲ್ಲ.

"ನೋಡು ಯಮನಪ್ಪ, ಮಾಸ್ತರಿಗೆ ಹಾಗೆ ಬರೆದದ್ದು ನಾನು. ತಪ್ಪು ಬರೆದೆ. ನನಗೆ ಗೊತ್ತಿರಲಿಲ್ಲ. ನಿಮ್ಮಕ್ಕನ ಕಾರ್ಡಿನಲ್ಲಿಯೂ O ಅಂತಲೇ ಉಂಟು, ನಿನ್ನ ಹಾಗೆ. ಮೊದಲು ಒಂದು ಹನಿ ಬೆರೆಸಿ ನೋಡ್ತಾರೆ. ಒಗ್ಗದಿದ್ದರೆ ಯಾರೂ ಅವಳಿಗೆ ಕೊಡುವುದಿಲ್ಲ. ನೀನು ಪಕ್ಕದಲ್ಲೇ ನಿಂತು ನೋಡು."

"ತಪ್ಪ್ ಬರದ್ರೆನ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೆಯಬಲ್ಲವರೂ ತಪ್ಪು ಬರೆಯುತ್ತಾರೆಯೇ ಎಂಬ ಅಚ್ಚರಿ ಇತ್ತು. ಕೊನೆಗೆ ಒದ್ದೆ ತೋಳನ್ನು ಮಡಿಚಿ ಮುಂದೆ ಚಾಚಿದ. "ಒಂದs ಹನಿ ಮತ್ತ."

ಒಂದು ಹನಿ ತೆಗೆದರು. ಗಾಜಿನ ಪಟ್ಟಿಯ ಮೇಲೆ ಅಕ್ಕನ ರಕ್ತದ್ರವದ ಜೊತೆ ಬೆರೆಸಿದರು. ನಾವು ನಾಲ್ವರೂ ಬಗ್ಗಿ ನೋಡಿದೆವು. ಆ ಯಂತ್ರಗಳನ್ನೆಲ್ಲ ರಿಪೇರಿ ಮಾಡಿದವಳು ನಾನು, ಆದರೆ ಉಸಿರು ಬಿಗಿಹಿಡಿದು ಅಲ್ಲಿ ಏನನ್ನಾದರೂ ನೋಡಿದ್ದು ಅದೇ ಮೊದಲು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಕೆಂಪು ನೀರು ಕೆಂಪು ನೀರಾಗಿಯೇ ಉಳಿಯಿತು. ನಿಹಾಲರು ಸೂಕ್ಷ್ಮದರ್ಶಕದಲ್ಲಿ ಮತ್ತೊಮ್ಮೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಮುದ್ದೆ ಆಗ್ಲಿಲ್ಲ," ಎಂದರು. ಅವರ ಬಾಯಲ್ಲಿ ನಾನು ಕೇಳಿದ ಅತ್ಯಂತ ಸ್ಪಷ್ಟ ಕನ್ನಡ ವಾಕ್ಯ ಅದು.

ಯಮನಪ್ಪನನ್ನು ಮಲಗಿಸಿ ಒಂದು ಚೀಲ ರಕ್ತ ತೆಗೆದರು. ಸೋಂಕಿನ ಪರೀಕ್ಷೆಗಳು ಮುಗಿಯುವ ತನಕ ಅವನಿಗೆ ಕ್ಯಾಂಟೀನಿನ ಚಹಾ ಕುಡಿಸಿ, ಪಾವ್ ತಿನ್ನಿಸಿ, ಕಾಲಿನ ಗಾಯಕ್ಕೆ ನಾನೇ ಪಟ್ಟಿ ಕಟ್ಟಿದೆ. ಐದೂವರೆಗೆ ಮಲ್ಲವ್ವ ಆಪರೇಷನ್ ಥಿಯೇಟರಿಗೆ ಹೋದಳು. ಸರ್ಜನ್ ಮಾತು ಉಳಿಸಿಕೊಂಡರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಪುಣೆಯ ದಾನಿಯ ರಕ್ತ, ಘಾಟಿ ರಸ್ತೆ ತೆರೆದ ಮೇಲೆ, ಬಂದು ಮುಟ್ಟಿತು. ಎರಡನೇ ಸಂದೇಶದಿಂದ ಆದ ಒಂದು ಒಳ್ಳೆಯ ಕೆಲಸ ಅದು, ಇಲ್ಲವೆನ್ನುವುದಿಲ್ಲ. ಐದು ವಾರದ ಮೇಲೆ ಮಲ್ಲವ್ವ ಕೋಲೂರಿಕೊಂಡು ಮನೆಗೆ ನಡೆದಳು.

ತಿಂಗಳೆರಡು ಕಳೆದ ಮೇಲೆ ಆಸ್ಪತ್ರೆಯವರು ಒಂದು ಸಣ್ಣ ಸಮಾರಂಭ ಮಾಡಿ ನನಗೆ ಶಾಲು ಹೊದಿಸಿದರು. ಇಂಟರ್ನೆಟ್ ಇಲ್ಲದ ದಿನ ರೇಡಿಯೋ ಇಮೇಲಿನಿಂದ ಒಂದು ಜೀವ ಉಳಿಯಿತು ಎಂದು ಭಾಷಣದಲ್ಲಿ ಹೇಳಿದರು. ನಾನು ಮಾತಾಡುವ ಸರದಿ ಬಂದಾಗ ಈ ಕತೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಮುಂದಿನ ಸಾಲಿನಲ್ಲಿದ್ದವರ ಚಪ್ಪಾಳೆ ಸ್ವಲ್ಪ ತಡವಾಗಿ ಬಂತು.

ಆಮೇಲಿನ ಎರಡು ವರ್ಷ, ಸಂದೇಶವನ್ನು ಕಳಿಸುವ ಮುಂಚೆ ಕೊಟ್ಟವರಿಗೆ ಒಮ್ಮೆ ಓದಿ ಹೇಳುತ್ತಿದ್ದೆ, ವಿಷಯವೇ ಗೊತ್ತಿಲ್ಲದ ಇನ್ನೊಬ್ಬರಿಗೂ ಓದಿ, ಏನು ಅರ್ಥವಾಯಿತು ಎಂದು ಕೇಳುತ್ತಿದ್ದೆ. ಯಾರೂ ಸಿಗದಿದ್ದರೆ ಲಿಫ್ಟಿನವರನ್ನು ಕರೆಯುತ್ತಿದ್ದೆ. ಪತ್ರ ಬರೆಯುವವರಿಗೆ ಗೊತ್ತಿರುವುದು ಓದುವವರಿಗೆ ಗೊತ್ತಿರುವುದಿಲ್ಲ ಎಂಬಷ್ಟು ಸಣ್ಣ ವಿಷಯವನ್ನು ಕಲಿಯಲು ನನಗೆ ಇಪ್ಪತ್ನಾಲ್ಕು ವರ್ಷ ಹಿಡಿಯಿತು. ಯಂತ್ರ ಎಷ್ಟೇ ಸರಿಯಾಗಿದ್ದರೂ ಅದರ ಒಳಗೆ ಹೋಗುವುದು ನಮ್ಮ ಬುದ್ಧಿಯೇ. ಹೊರಗೆ ಬರುವುದೂ ಅದೇ.

ಇಷ್ಟನ್ನು ಕೆಲಸ ಕಲಿಸಿತು. ಇನ್ನೊಂದನ್ನು ಯಮನಪ್ಪ ಕಲಿಸಿದ. ಆ ದಿನ ನಾನು ಮೂರು ಸಂದೇಶ ಕಳಿಸಿದೆ. ಮೊದಲನೆಯದು ತಪ್ಪು, ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು, ಸರಿಯಾದ ಮೂರನೆಯದು ಅವನಿಗೆ ತಲುಪಲೇ ಇಲ್ಲ. ಬರಬೇಡ ಎಂಬ ಮಾತೊಂದೇ ಅವನಿಗೆ ಸರಿಯಾಗಿ ತಲುಪಿದ್ದು. ಅದನ್ನು ಪೂರ್ತಿ ನಂಬಿ, ತನ್ನಿಂದ ಏನೂ ಪ್ರಯೋಜನವಿಲ್ಲವೆಂದು ತಿಳಿದು, ಅವನು ಒಂಟಿ ಚಪ್ಪಲಿಯಲ್ಲಿ ಮುಂದಕ್ಕೆ ನಡೆದ. ಮಲ್ಲವ್ವ ಉಳಿದದ್ದು ಅದರಿಂದ.